ಮನೆ ಕೊಳ್ಳುವ ಮುಂಚೆ ತಪಾಸಣೆ ಮಾಡುವವರನ್ನು ನಂಬುವುದು ಹೇಗೆ? ಬೆಂಗಳೂರಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಇಂಜಿನಿಯರ್ ಅಲ್ಲ. ಬೆಂಗಳೂರಿನಲ್ಲಿ 2 ಸಲ ಮನೆ ಕೊಂಡವಳು. ಮೊದಲನೇ ಸಲ ತಪಾಸಣೆ ವರದಿ ಕೈಯಲ್ಲಿ ಇಟ್ಟುಕೊಂಡೇ ಮೋಸ ಹೋದೆ. ಎರಡನೇ ಸಲ ಒಬ್ಬ ಒಳ್ಳೆಯ ಇಂಜಿನಿಯರ್ ಸಿಕ್ಕಿದರು. ಅವರ ಹಿಂದೆ ಅರ್ಧ ದಿನ ಓಡಾಡಿ ತುಂಬಾ ಕಲಿತೆ. ಆಮೇಲಿಂದ ನೆಂಟರು, ಅಕ್ಕಪಕ್ಕದವರು, ಅವರ ಪರಿಚಯದವರು ಮನೆ ನೋಡಲು ಹೊರಟಾಗೆಲ್ಲ ನನಗೆ ಫೋನ್ ಮಾಡುತ್ತಾರೆ. ಕಾಗದ ಬರೆದು ಕೇಳಿದವರೂ ಇದ್ದಾರೆ. ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಅವರು ಕೇಳಿದ ಮಾತಿನಲ್ಲೇ ಇಲ್ಲಿ ಬರೆದಿದ್ದೇನೆ. ಖಾತೆ, ಇಸಿ (ಆಸ್ತಿಯ ಮೇಲೆ ಸಾಲ, ಋಣ ಇದೆಯಾ ಅಂತ ತೋರಿಸುವ ಪತ್ರ), ಮೂಲ ಪತ್ರಗಳ ವಿಚಾರ ವಕೀಲರದ್ದು. ಇಲ್ಲಿ ಇರುವುದು ಗೋಡೆ, ಸೂರು, ನೀರು, ಕರೆಂಟು ಮತ್ತು ಅವನ್ನು ನೋಡಿ ಹೇಳುವ ಮನುಷ್ಯನ ಮಾತು.

## ಮೊದಲು ತಿಳಿಯಬೇಕಾದದ್ದು

ಬ್ಯಾಂಕಿನವರೇ ಬಂದು ಮನೆ ನೋಡ್ತಾರಲ್ಲ, ಅದು ಸಾಲದಾ?

ಸಾಲದು. ಬ್ಯಾಂಕು ಕಳಿಸುವವರು ಬೆಲೆ ಕಟ್ಟುವವರು. ನೀವು ಸಾಲ ತೀರಿಸದೆ ಹೋದರೆ ಈ ಮನೆ ಮಾರಿ ದುಡ್ಡು ವಾಪಸ್ ಪಡೆಯಬಹುದಾ ಅನ್ನುವುದು ಅವರ ಲೆಕ್ಕ. ಸೈಟಿನ ಅಳತೆ, ಆ ಏರಿಯಾದ ರೇಟು, ಕಟ್ಟಡದ ವಯಸ್ಸು, ಮಂಜೂರಾದ ನಕ್ಷೆ ಇಷ್ಟನ್ನು ನೋಡುತ್ತಾರೆ. ಎಷ್ಟೋ ಸಲ ಅರ್ಧ ಗಂಟೆಯಲ್ಲಿ ಮುಗಿಸಿ ಹೊರಡುತ್ತಾರೆ. ಬಚ್ಚಲ ಗೋಡೆ ತೇವ ಹೀರಿದೆಯಾ, ಅರ್ತಿಂಗ್ ಸರಿಯಾಗಿದೆಯಾ ಅಂತ ನೋಡುವುದು ಅವರ ಕೆಲಸದಲ್ಲೇ ಇಲ್ಲ. ಫೀಸು ನೀವೇ ಕಟ್ಟಿದ್ದರೂ ವರದಿ ಹೋಗುವುದು ಬ್ಯಾಂಕಿಗೆ.

ಮನೆ ತಪಾಸಣೆ ಮಾಡುವವರು ನಿಮ್ಮ ಕಡೆಯವರು. ತಾರಸಿಯಿಂದ ಸಂಪಿನವರೆಗೆ ಕಣ್ಣಿಗೆ ಕಾಣುವುದನ್ನೆಲ್ಲ ನೋಡಿ, ಅಳೆದು, ಫೋಟೋ ಸಮೇತ ಬರೆದುಕೊಡಬೇಕು. ಒಂದು 2 ಬೆಡ್‌ರೂಮಿನ ಫ್ಲಾಟಿಗೂ ಕೆಲವು ಗಂಟೆ ಹಿಡಿಯುವ ಕೆಲಸ ಇದು. ಬೆಂಗಳೂರಿನಲ್ಲಿ ಇದನ್ನು ಮಾಡುವವರು ಮೂರು ಥರ. ಹೊಸ ಅಪಾರ್ಟ್‌ಮೆಂಟುಗಳ ಜೊತೆ ಬೆಳೆದ ಕಂಪನಿಗಳು, ಸ್ವಂತವಾಗಿ ಕೆಲಸ ಮಾಡುವ ಸಿವಿಲ್ ಅಥವಾ ಸ್ಟ್ರಕ್ಚರಲ್ ಇಂಜಿನಿಯರುಗಳು, ನಿವೃತ್ತರಾದ ಮೇಲೆ ಇದನ್ನು ಕೈಗೆತ್ತಿಕೊಂಡ ಇಂಜಿನಿಯರುಗಳು. ಮೂರರಲ್ಲೂ ಒಳ್ಳೆಯವರನ್ನು ನೋಡಿದ್ದೇನೆ.

ನಮ್ಮೂರಲ್ಲಿ ಮನೆ ಕಟ್ಟಿದ ಮೇಸ್ತ್ರಿ ತುಂಬಾ ನಂಬಿಕಸ್ಥರು. ಅವರನ್ನೇ ಕರ್ಕೊಂಡು ಹೋದ್ರೆ ಆಗಲ್ವಾ?

ಖಂಡಿತ ಕರೆದುಕೊಂಡು ಹೋಗಿ. 30 ವರ್ಷ ಗಾರೆ ಕೆಲಸ ಮಾಡಿದ ಕೈಗೆ ಗೋಡೆ ಮುಟ್ಟಿದರೇ ಎಷ್ಟೋ ತಿಳಿಯುತ್ತದೆ. ಟೈಲ್ಸ್ ಮೇಲೆ ನಾಣ್ಯ ಬಡಿದು ಎಲ್ಲೆಲ್ಲಿ ಟೊಳ್ಳಿದೆ ಅಂತ ಹೇಳುವುದರಲ್ಲಿ ಮೇಸ್ತ್ರಿಗಳನ್ನು ಮೀರಿಸಿದವರನ್ನು ನಾನು ಕಂಡಿಲ್ಲ.

ಆದರೆ ಕಂಬದೊಳಗೆ ಎಷ್ಟು ಕಂಬಿ ಇದೆ, ಪಾಯ ಎಷ್ಟು ಮಹಡಿ ತಡೆಯುತ್ತದೆ ಅನ್ನುವುದು ಲೆಕ್ಕದ ಮಾತು. ಕರೆಂಟಿನ ಮೀಟರ್ ಹಿಡಿದು ನೋಡುವುದೂ ಅವರ ಕೆಲಸ ಅಲ್ಲ. ಇನ್ನೊಂದು ವಿಷಯ. ಅವರು ಬಾಯಲ್ಲಿ ಹೇಳುತ್ತಾರೆ, ಬರೆದುಕೊಡುವುದಿಲ್ಲ. ನಾಳೆ ಮಾರುವವರ ಮುಂದೆ ಬೆಲೆ ಮಾತಾಡುವಾಗ ಕೈಯಲ್ಲಿ ಕಾಗದ ಬೇಕು. ಆದ್ದರಿಂದ ಮೇಸ್ತ್ರಿಯನ್ನು ಮೊದಲ ಭೇಟಿಗೆ ಕರೆದುಕೊಂಡು ಹೋಗಿ, ಮನೆ ಮನಸ್ಸಿಗೆ ಬಂದ ಮೇಲೆ ಇಂಜಿನಿಯರನ್ನು ಕರೆಸಿ.

ಇವರಿಗೆ ಸರ್ಕಾರದ ಲೈಸೆನ್ಸ್ ಇರುತ್ತಾ?

ಇಲ್ಲ. ಆರ್ಕಿಟೆಕ್ಟ್ ಅನ್ನಿಸಿಕೊಳ್ಳಲು 1972ರ ಕಾಯ್ದೆಯ ಪ್ರಕಾರ ನೋಂದಣಿ ಆಗಿರಬೇಕು. ಮನೆ ತಪಾಸಣೆಗೆ ನಮ್ಮ ದೇಶದಲ್ಲಿ ಅಂಥ ಲೈಸೆನ್ಸ್ ವ್ಯವಸ್ಥೆ ಇಲ್ಲ. ಗೋಡೆಯ ಬಿಸಿ ತಣ್ಣಗಿನ ವ್ಯತ್ಯಾಸ ತೋರಿಸುವ ಒಂದು ಥರ್ಮಲ್ ಕ್ಯಾಮೆರಾ ಕೊಂಡು ಯಾರು ಬೇಕಾದರೂ ನಾಳೆಯಿಂದ ಶುರು ಮಾಡಬಹುದು. ನಂಬಿಕೆಯ ಪ್ರಶ್ನೆ ಇಷ್ಟು ದೊಡ್ಡದಾಗಿರುವುದು ಇದಕ್ಕೇ.

ವಿಸಿಟಿಂಗ್ ಕಾರ್ಡಿನ ಮೇಲೆ ‘ಸರ್ಟಿಫೈಡ್’ ಅಂತ ಇದ್ದರೆ ಯಾರು ಕೊಟ್ಟ ಸರ್ಟಿಫಿಕೇಟ್ ಅಂತ ಕೇಳಿ. ಕೆಲವು ಅಮೆರಿಕದ ಸಂಘಗಳವು. ಅಲ್ಲಿನ ಮನೆಗಳು ಬಹುಪಾಲು ಮರದ ಚೌಕಟ್ಟಿನವು. ನಮ್ಮ ಕಾಂಕ್ರೀಟ್ ಕಂಬ, ಸಿಮೆಂಟ್ ಬ್ಲಾಕ್ ಗೋಡೆ, ಸಂಪು, ಬೋರ್‌ವೆಲ್ ಬೇರೆಯೇ ಕಥೆ. ಅಂಥ ಕೋರ್ಸ್ ಮಾಡಿದ್ದು ತಪ್ಪಲ್ಲ, ಒಳ್ಳೆಯದೇ. ಅದರ ಜೊತೆ ಸಿವಿಲ್ ಇಂಜಿನಿಯರಿಂಗ್ ಓದು, ಇಲ್ಲಿನ ಸೈಟುಗಳಲ್ಲಿ ನಿಂತು ಕೆಲಸ ಮಾಡಿಸಿದ ಅನುಭವ ಇದೆಯಾ ನೋಡಿ.

ಹೊಸ ಅಪಾರ್ಟ್‌ಮೆಂಟ್‌ಗೂ ತಪಾಸಣೆ ಬೇಕಾ? ರೇರಾ ಇದೆಯಲ್ಲ?

ರೇರಾ ಅಂದರೆ ಬಿಲ್ಡರುಗಳಿಂದ ಮನೆ ಕೊಳ್ಳುವವರ ಹಿತ ಕಾಯುವ ಕಾಯ್ದೆ. ಅದು ಇರುವುದರಿಂದಲೇ ಬೇಕು. 2016ರ ಆ ಕಾಯ್ದೆಯ 14ನೇ ಸೆಕ್ಷನ್ ಹೇಳುವುದು ಹೀಗೆ: ಸ್ವಾಧೀನ ಕೊಟ್ಟ ದಿನದಿಂದ 5 ವರ್ಷದೊಳಗೆ ಕಟ್ಟಡದ ದೋಷ, ಕೆಲಸದ ಗುಣಮಟ್ಟದ ದೋಷ ಗಮನಕ್ಕೆ ತಂದರೆ ಬಿಲ್ಡರ್ 30 ದಿನದಲ್ಲಿ ಖರ್ಚಿಲ್ಲದೆ ಸರಿಮಾಡಿಕೊಡಬೇಕು. ಗಮನಕ್ಕೆ ತರಬೇಕಾದವರು ನೀವು. ಕೀ ತೆಗೆದುಕೊಳ್ಳುವ ಮುಂಚೆ ಫೋಟೋ, ತಾರೀಖು ಸಮೇತ ವರದಿ ಇದ್ದರೆ, ‘ಇದು ನೀವು ಬಂದ ಮೇಲೆ ಆಗಿದ್ದು’ ಅಂತ ಯಾರೂ ಹೇಳಲು ಆಗುವುದಿಲ್ಲ. ಮೊದಲ ಮಾಲೀಕರಿಂದ ಫ್ಲಾಟ್ ಕೊಂಡವರಿಗೂ ಆ 5 ವರ್ಷದಲ್ಲಿ ಉಳಿದ ಅವಧಿ ಉಪಯೋಗಕ್ಕೆ ಬರುತ್ತದೆ.

ಬೆಂಗಳೂರಿನಲ್ಲಿ ಗಮನಿಸಬೇಕಾದ್ದು ಇನ್ನೊಂದಿದೆ. 500 ಚದರ ಮೀಟರ್‌ಗಿಂತ ಜಾಸ್ತಿ ಇಲ್ಲದ ಜಾಗ ಅಥವಾ 8ಕ್ಕಿಂತ ಜಾಸ್ತಿ ಫ್ಲಾಟ್ ಇಲ್ಲದ ಕಟ್ಟಡಕ್ಕೆ ರೇರಾ ನೋಂದಣಿ ಕಡ್ಡಾಯ ಅಲ್ಲ. 40×60 ಸೈಟ್ ಅಂದರೆ ಸುಮಾರು 223 ಚದರ ಮೀಟರ್. ಬಡಾವಣೆಗಳ ಒಳಗೆ ಹಳೇ ಮನೆ ಕೆಡವಿ ಎಬ್ಬಿಸುವ 6–8 ಫ್ಲಾಟಿನ ಕಟ್ಟಡಗಳು ಬಹಳಷ್ಟು ಹೀಗೆ ಹೊರಗೆ ಉಳಿಯುತ್ತವೆ. ಅಂಥ ಕಡೆ ಕೊಳ್ಳುವವರು ತಪಾಸಣೆ ಬಿಡಲೇಬಾರದು.

ಎಷ್ಟು ದುಡ್ಡು ತಗೋತಾರೆ?

ಕೆಲವರು ಚದರಡಿ ಲೆಕ್ಕ, ಕೆಲವರು ಇಡೀ ಮನೆಗೆ ಇಷ್ಟು ಅಂತ. ಕಾಂಕ್ರೀಟ್ ಪರೀಕ್ಷೆಗಳಿಗೆ ಬೇರೆ ದುಡ್ಡು. ಸಾಮಾನ್ಯ ತಪಾಸಣೆ ಸಾವಿರಗಳಲ್ಲಿ ಮುಗಿಯುತ್ತದೆ. 80 ಲಕ್ಷದ ಫ್ಲಾಟಿಗೆ ಸ್ಟ್ಯಾಂಪ್ ಡ್ಯೂಟಿಯೇ ಶೇ 5, ಅಂದರೆ 4 ಲಕ್ಷ. ವಾಸ್ತು ನೋಡುವವರಿಗೆ, ಗೃಹಪ್ರವೇಶಕ್ಕೆ ಮನಸ್ಸು ಬಿಚ್ಚಿ ಖರ್ಚು ಮಾಡುತ್ತೇವೆ. ಅದು ಬೇಕು, ನಾನೂ ಮಾಡಿದ್ದೇನೆ. ಅದೇ ಪಟ್ಟಿಯಲ್ಲಿ ಇದನ್ನೂ ಬರೆದುಕೊಳ್ಳಿ.

## ಯಾರನ್ನು ಕರೆಸುವುದು

ಬ್ರೋಕರೇ ಒಬ್ಬರನ್ನ ಕಳಿಸ್ತೀನಿ ಅಂತಿದ್ದಾರೆ. ಒಪ್ಕೊಳ್ಲಾ?

ಬೇಡ. ನನ್ನ ಮೊದಲ ಮನೆಯ ಕಥೆ ಇದೇ.

ಅದು 11 ವರ್ಷ ಹಳೆಯ ಫ್ಲಾಟು, ಮೂರನೇ ಮಹಡಿ. ಬ್ರೋಕರ್ ಬಹಳ ಒಳ್ಳೆಯ ಮಾತಿನವರು. ‘ಅಕ್ಕಾ, ನಮ್ಮವರೇ ಒಬ್ಬರು ಇದ್ದಾರೆ, ಪೂರ್ತಿ ಚೆಕ್ ಮಾಡಿ ಕೊಡ್ತಾರೆ’ ಅಂದರು. ಮಾರ್ಚ್ ತಿಂಗಳು. ಗೋಡೆಗೆಲ್ಲ ಹೊಸ ಬಣ್ಣ. ಬಂದವರು ಮುಕ್ಕಾಲು ಗಂಟೆ ಇದ್ದರು, 12 ಪುಟದ ವರದಿ ಕೊಟ್ಟರು. ‘ತೇವದ ಗುರುತು ಕಂಡುಬಂದಿಲ್ಲ’ ಅಂತ ಅದರಲ್ಲಿತ್ತು. ಸೆಪ್ಟೆಂಬರ್ ಮಳೆಗೆ ಮಲಗುವ ಕೋಣೆಯ ಹೊರಗೋಡೆ ಪೂರ್ತಿ ಉಬ್ಬಿತು. ಬೀರು ಸರಿಸಿ ನೋಡಿದರೆ ಹಿಂದೆ ಕಪ್ಪು ಬೂಷ್ಟು. ನನ್ನ ತಾಯಿಗೆ ಉಬ್ಬಸ. ಆ ಮಳೆಗಾಲ ಅವರು ಹಾಲಿನಲ್ಲೇ ಮಲಗಿದರು.

ಆ ಮನುಷ್ಯ ಸುಳ್ಳು ಬರೆದರು ಅಂತ ನಾನು ಹೇಳುವುದಿಲ್ಲ. ಬೀರು ಸರಿಸಲಿಲ್ಲ, ಸರಿಸಿಲ್ಲ ಅಂತ ಬರೆಯಲೂ ಇಲ್ಲ. ವ್ಯವಹಾರ ಮುರಿದು ಬಿದ್ದರೆ ಬ್ರೋಕರ್ ಅವರನ್ನು ಮತ್ತೆ ಕರೆಯುತ್ತಿರಲಿಲ್ಲ. ಅವರ ಮುಂದಿನ ಹತ್ತು ಕೆಲಸ ಬ್ರೋಕರ್ ಕೈಯಲ್ಲಿತ್ತು, ನನ್ನ ಕೈಯಲ್ಲಿ ಒಂದೇ ಒಂದು. ಬಿಲ್ಡರ್ ಕಡೆಯವರಿಗೂ ಇದೇ ಮಾತು ಅನ್ವಯಿಸುತ್ತದೆ. ಸೋರಿಕೆ ರಿಪೇರಿ ಮಾಡುವ ಅಂಗಡಿಯವರು ‘ಫ್ರೀ ಚೆಕಿಂಗ್’ ಅಂತ ಬಂದರೆ ಇದರ ಉಲ್ಟಾ ಆಗುತ್ತದೆ. ಅವರಿಗೆ ಎಲ್ಲ ಗೋಡೆಯಲ್ಲೂ ಕೆಲಸ ಕಾಣುತ್ತದೆ.

ನೀವೇ ಹುಡುಕಿ, ನೀವೇ ದುಡ್ಡು ಕೊಡಿ, ವರದಿ ನೇರವಾಗಿ ನಿಮಗೇ ಬರಲಿ. ನೀವು ಮನೆ ಕೊಂಡರೂ ಬಿಟ್ಟರೂ ಅವರ ಫೀಸು ಅಷ್ಟೇ ಇರಬೇಕು.

ಫೋನಲ್ಲಿ ಏನ್ ಕೇಳಿದ್ರೆ ಅವರು ಎಂಥವರು ಅಂತ ಗೊತ್ತಾಗುತ್ತೆ?

ನಾನು ಮೊದಲು ಕೇಳುವುದು ‘ನೀವು ಏನೇನು ನೋಡುವುದಿಲ್ಲ?’ ಅಂತ. ಒಳ್ಳೆಯವರು ತಡವರಿಸದೆ ಪಟ್ಟಿ ಕೊಡುತ್ತಾರೆ. ಗೋಡೆಯೊಳಗಿನ ಪೈಪು ಕಾಣುವುದಿಲ್ಲ, ಪಾಯ ಅಗೆಯುವುದಿಲ್ಲ, ಮಾಲೀಕರ ಸಾಮಾನು ಸರಿಸಲು ಅವರ ಒಪ್ಪಿಗೆ ಬೇಕು, ಲಿಫ್ಟಿಗೆ ಬೇರೆ ಪರಿಣತರು ಬೇಕು. ‘ಎಲ್ಲಾ ನೋಡ್ತೀವಿ ಮೇಡಂ, 300 ಪಾಯಿಂಟ್ ಚೆಕ್‌ಲಿಸ್ಟ್ ಇದೆ’ ಅಂದವರ ಬಗ್ಗೆ ನನಗೆ ಅನುಮಾನ. 300ರಲ್ಲಿ ಎಷ್ಟೋ ಸಾಲು ಬಾಗಿಲ ಚಿಲಕ, ಸ್ವಿಚ್ಚಿನ ಬಣ್ಣ ಇರುತ್ತವೆ.

ಆಮೇಲೆ ಹಳೆಯ ವರದಿಯೊಂದನ್ನು ಹೆಸರು ವಿಳಾಸ ಅಳಿಸಿ ಕಳಿಸಲು ಹೇಳಿ. ಅಲ್ಲಿ ಫೋಟೋ ಇರಬೇಕು, ಅದು ಯಾವ ಕೋಣೆ ಯಾವ ಗೋಡೆ ಅಂತ ಇರಬೇಕು, ಅಳತೆಯ ಅಂಕಿ ಇರಬೇಕು. ನಮ್ಮ ಮನೆಗೆ ಖುದ್ದಾಗಿ ಬರುವವರು ಯಾರು, ಅವರ ಓದು ಏನು ಅಂತಲೂ ಕೇಳಿ. ಫೋನಿನಲ್ಲಿ ಮಾತಾಡುವವರು 20 ವರ್ಷ ಅನುಭವದವರು, ಬರುವವರು ನಿನ್ನೆ ಸೇರಿದ ಹುಡುಗ ಆಗಿರಬಹುದು. ಕೊನೆಗೆ, ಸಹಿ ಹಾಕುವವರು ಯಾರು? ಬರೀ ಕಂಪನಿಯ ಮುದ್ರೆ ಇದ್ದು ಮನುಷ್ಯರ ಹೆಸರೇ ಇಲ್ಲದ ವರದಿಗೆ ನಾನು ದುಡ್ಡು ಕೊಡುವುದಿಲ್ಲ.

ಮನೆ ಮಾರೋರು ಪರಿಚಯದವರು. ಇಂಜಿನಿಯರನ್ನ ಕರ್ಕೊಂಡು ಬರ್ತೀನಿ ಅಂದ್ರೆ ಬೇಜಾರು ಮಾಡ್ಕೊಳಲ್ವಾ?

ಈ ಸಂಕೋಚ ನನಗೆ ಚೆನ್ನಾಗಿ ಗೊತ್ತು. ಊಟಕ್ಕೆ ಕರೆದು, ಕಾಫಿ ಕೊಟ್ಟು ಮನೆ ತೋರಿಸಿದವರ ಮುಂದೆ ಹೇಗೆ ಕೇಳುವುದು? ನಾನು ಹೀಗೆ ಹೇಳುತ್ತೇನೆ: ‘ಅಂಕಲ್, ಮನೆ ನಮಗೆ ಇಷ್ಟ ಆಗಿದೆ. ಮುಂದೆ ಏನೇನು ರಿಪೇರಿ ಬರಬಹುದು ಅಂತ ತಿಳ್ಕೊಳೋಕೆ ಒಬ್ಬರು ಇಂಜಿನಿಯರ್ ಬಂದು ನೋಡ್ತಾರೆ, ಯಾವತ್ತು ಬಂದ್ರೆ ನಿಮಗೆ ಅನುಕೂಲ?’ ಬಹಳ ಜನ ಒಪ್ಪುತ್ತಾರೆ. ಒಪ್ಪದೆ ಸಿಟ್ಟಾದವರು ಇಬ್ಬರು ಸಿಕ್ಕಿದ್ದರು. ಅವೆರಡೂ ಮನೆ ಬಿಟ್ಟೆವು.

ಹೊತ್ತು ಮುಖ್ಯ. ವಕೀಲರು ಕಾಗದಪತ್ರ ನೋಡಿ ಸರಿ ಅಂದ ಮೇಲೆ, ಅಗ್ರಿಮೆಂಟಿಗೆ ಸಹಿ ಹಾಕುವ ಮುಂಚೆ ತಪಾಸಣೆ ಆಗಬೇಕು. ಟೋಕನ್ ಅಡ್ವಾನ್ಸ್ ಕೊಡಲೇಬೇಕಾಗಿ ಬಂದರೆ ಚಿಕ್ಕ ಮೊತ್ತ ಕೊಡಿ. ತಪಾಸಣೆಯಲ್ಲಿ ದೊಡ್ಡ ದೋಷ ಕಂಡರೆ ಅಡ್ವಾನ್ಸ್ ವಾಪಸ್ ಅನ್ನುವ ಒಂದು ಸಾಲು ರಸೀದಿಯಲ್ಲಿ ಬರೆಸಿಕೊಳ್ಳಿ.

## ತಪಾಸಣೆಯ ದಿನ

ಅವರು ನೋಡ್ತಾರಲ್ಲ, ನಾನೂ ಇರ್ಬೇಕಾ?

ಇರಲೇಬೇಕು. ರಜೆ ಹಾಕಿ. ಅವರ ಹಿಂದೆ ಹಿಂದೆ ನಡೆಯಿರಿ. ತಾರಸಿಗೆ ಹತ್ತಿದರಾ? ಓವರ್‌ಹೆಡ್ ಟ್ಯಾಂಕಿನ ಮುಚ್ಚಳ, ಸಂಪಿನ ಮುಚ್ಚಳ ತೆಗೆದು ನೋಡಿದರಾ? ಬಚ್ಚಲಲ್ಲಿ ಬಕೆಟ್ ನೀರು ಸುರಿದು ಎಲ್ಲಿ ನಿಲ್ಲುತ್ತದೆ ಅಂತ ಕಾದರಾ? ಕೆಳಗಿನ ಮನೆಯವರ ಬಾಗಿಲು ತಟ್ಟಿ, ನಮ್ಮ ಬಚ್ಚಲ ಅಡಿ ಅವರ ಸೂರು ಹೇಗಿದೆ ಅಂತ ನೋಡಿದರಾ? ಈ ಕೊನೆಯದನ್ನು ಕೇಳದೆಯೇ ಮಾಡಿದವರು ಸಿಕ್ಕರೆ ಅವರ ನಂಬರ್ ಭದ್ರವಾಗಿ ಇಟ್ಟುಕೊಳ್ಳಿ.

ಇಂಜಿನಿಯರ್ ಬಾಯಲ್ಲಿ ಹೇಳುವುದು ಬರೆಯುವುದಕ್ಕಿಂತ ಹೆಚ್ಚು ಇರುತ್ತದೆ. ‘ಇದು ನಿಮ್ಮ ಮನೆ ಆಗಿದ್ದರೆ ಏನು ಮಾಡ್ತಿದ್ರಿ?’ ಅಂತ ಒಂದು ಸಲ ಕೇಳಿ, ಅವರು ಹೇಳಿದ್ದನ್ನು ಅಲ್ಲೇ ಬರೆದುಕೊಳ್ಳಿ.

ಯಾವ ತಿಂಗಳಲ್ಲಿ ನೋಡಿಸೋದು ಒಳ್ಳೇದು?

ಆಗಸ್ಟಿನಿಂದ ನವೆಂಬರ್. ಬೆಂಗಳೂರಿಗೆ ಜಾಸ್ತಿ ಮಳೆ ಬೀಳುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಎರಡು ದಿನ ಚೆನ್ನಾಗಿ ಮಳೆ ಬಂದ ಮಾರನೇ ದಿನ ಹೋದರೆ ಮನೆಯೇ ಎಲ್ಲ ಹೇಳಿಬಿಡುತ್ತದೆ. ಬೇಸಿಗೆಯಲ್ಲೇ ಕೊಳ್ಳಬೇಕಾದರೆ ತಾರಸಿಯಲ್ಲಿ, ಬಚ್ಚಲಲ್ಲಿ ಹೊರಹೋಗುವ ತೂತು ಮುಚ್ಚಿ 24 ಗಂಟೆ ನೀರು ನಿಲ್ಲಿಸಿ ಕೆಳಗಿನಿಂದ ನೋಡಲು ಒಪ್ಪಿಗೆ ಕೇಳಿ.

ಹೊಸದಾಗಿ ಬಣ್ಣ ಹೊಡೆದಿದ್ದಾರೆ. ಕ್ಯಾಮೆರಾ ಇಟ್ಟು ತೇವ ಹಿಡೀತೀವಿ ಅಂತಾರೆ. ಅದನ್ನ ನಂಬಬಹುದಾ?

ಕ್ಯಾಮೆರಾ ಒಳ್ಳೆಯದು. ಆದರೆ ಅದು ಏನು ತೋರಿಸುತ್ತದೆ ಅಂತ ತಿಳಿದಿರಬೇಕು. ಥರ್ಮಲ್ ಕ್ಯಾಮೆರಾಕ್ಕೆ ನೀರು ಕಾಣುವುದಿಲ್ಲ, ಬಿಸಿ ತಣ್ಣಗಿನ ವ್ಯತ್ಯಾಸ ಮಾತ್ರ ಕಾಣುತ್ತದೆ. ಒದ್ದೆ ಗೋಡೆಯಿಂದ ನೀರು ಆರುವಾಗ ಆ ಜಾಗ ತಣ್ಣಗಾಗುತ್ತದೆ, ಅದು ನೀಲಿಯಾಗಿ ಕಾಣುತ್ತದೆ. ಎಸಿ ಗಾಳಿ ಬಡಿಯುವ ಗೋಡೆಯೂ, ಕಂಬ ಇರುವ ಜಾಗವೂ ಹಾಗೇ ಕಾಣಬಹುದು. ಆದ್ದರಿಂದ ಕ್ಯಾಮೆರಾದಲ್ಲಿ ಕಂಡ ಜಾಗಕ್ಕೆ ತೇವ ಅಳೆಯುವ ಮೀಟರ್ ಇಟ್ಟು ನೋಡಬೇಕು.

ಆ ಮೀಟರಿನಲ್ಲೂ ಒಂದು ವಿಷಯ ಇದೆ. ಬಹಳಷ್ಟು ಮೀಟರುಗಳ ಅಂಕಿ ಮರಕ್ಕೆ ಹೊಂದಿಸಿದ್ದು. ಗಾರೆ ಗೋಡೆಯ ಮೇಲೆ ‘ಶೇ 22’ ಅಂತ ಬಂದರೆ ಆ ಸಂಖ್ಯೆಗೆ ತನ್ನಷ್ಟಕ್ಕೆ ಅರ್ಥ ಇಲ್ಲ. ಅದೇ ಮನೆಯ ಒಣ ಗೋಡೆಯಲ್ಲಿ ಎಷ್ಟು ಬಂತು ಅನ್ನುವುದರ ಜೊತೆ ಹೋಲಿಸಬೇಕು. ಗೋಡೆ ಉಪ್ಪು ಹಿಡಿದಿದ್ದರೂ ಅಂಕಿ ಏರುತ್ತದೆ. ಒಣ ಗೋಡೆಯ ಅಂಕಿಯನ್ನೂ ಪಕ್ಕದಲ್ಲಿ ಬರೆದವರು ಕೆಲಸ ಗೊತ್ತಿರುವವರು. ಬರೀ ಬಣ್ಣ ಬಣ್ಣದ ಚಿತ್ರ ಅಂಟಿಸಿದ ವರದಿಗೆ ಮರುಳಾಗಬೇಡಿ.

ಹೊಸ ಬಣ್ಣದ ಹಿಂದೆ ಏನಿದೆ ಅಂತ ತಿಳಿಯಲು ಮಾಮೂಲಿ ದಾರಿಗಳೂ ಇವೆ. ಬಣ್ಣ ಮುಟ್ಟದ ಜಾಗ ನೋಡಿ. ಅಟ್ಟದ ಒಳಗೆ, ವಾರ್ಡ್‌ರೋಬಿನ ಹಿಂದೆ, ಅಡುಗೆಮನೆ ಸಿಂಕಿನ ಕೆಳಗೆ, ಸಜ್ಜದ ಅಡಿ, ಪೈಪು ಹೋಗುವ ಡಕ್ಟು. ಮನೆಯೆಲ್ಲ ಹಳೇ ಬಣ್ಣ ಇದ್ದು ಒಂದೇ ಗೋಡೆಗೆ ಹೊಸದು ಹೊಡೆದಿದ್ದರೆ ಯಾಕೆ ಅಂತ ಕೇಳಿ.

ಗೋಡೆ ಬಿರುಕು ಬಿಟ್ಟಿದೆ. ಇಂಜಿನಿಯರ್ ‘ಪ್ಲಾಸ್ಟರ್ ಕ್ರ್ಯಾಕ್ ಅಷ್ಟೇ’ ಅಂದ್ರು. ನಿಜಾನಾ?

ನಿಜ ಇರಬಹುದು. ಕಾಂಕ್ರೀಟ್ ಕಂಬಕ್ಕೂ ಬ್ಲಾಕ್ ಗೋಡೆಗೂ ಸೇರುವ ಕಡೆ ನೆಟ್ಟಗೆ ಕೂದಲೆಳೆಯ ಬಿರುಕು ಬರುವುದು ಬೆಂಗಳೂರಿನ ಮನೆಗಳಲ್ಲಿ ತೀರಾ ಸಾಮಾನ್ಯ. ಎರಡೂ ಬಿಸಿಲಿಗೆ ಹಿಗ್ಗುವ ಪ್ರಮಾಣ ಬೇರೆ ಬೇರೆ. ಕೋಳಿ ಜಾಲರಿ ಹಾಕಿ ಪ್ಲಾಸ್ಟರ್ ಮಾಡದಿದ್ದರೆ ಅಲ್ಲಿ ಸೀಳುತ್ತದೆ.

ಕಿಟಕಿ ಮೂಲೆಯಿಂದ ಓರೆಯಾಗಿ ಹೋದ, ಬ್ಲಾಕಿನ ಸಂದಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿದ ಬಿರುಕು ಬೇರೆ. ಪಾಯ ಒಂದು ಕಡೆ ಕುಸಿದಿರಬಹುದು. ಬೀಮಿನ ಅಡಿ ಕಂಬಿಯ ಉದ್ದಕ್ಕೆ ಹೋದ, ಕಂದು ಕಲೆ ಇರುವ ಬಿರುಕು ನನಗೆ ಎಲ್ಲಕ್ಕಿಂತ ಭಯ ಹುಟ್ಟಿಸುತ್ತದೆ. ಕಂಬಿ ತುಕ್ಕು ಹಿಡಿದು ಊದಿ ಕಾಂಕ್ರೀಟನ್ನು ಒಳಗಿನಿಂದ ಒಡೆಯುತ್ತಿರುತ್ತದೆ. ಅದನ್ನು ಪುಟ್ಟಿ ಹಚ್ಚಿ ಮುಚ್ಚಿದರೆ ಒಳಗೆ ನಡೆಯುವುದು ನಡೆಯುತ್ತಲೇ ಇರುತ್ತದೆ.

ಬಿರುಕು ಇನ್ನೂ ಬೆಳೆಯುತ್ತಿದೆಯಾ ಅಂತ ತಿಳಿಯಲು ಹಳೇ ಉಪಾಯ ಒಂದಿದೆ. ಅದರ ಅಡ್ಡಕ್ಕೆ ತೆಳು ಗಾಜಿನ ಪಟ್ಟಿ ಅಂಟಿಸಿ, ತಾರೀಖು ಬರೆದು ಕೆಲವು ವಾರ ಬಿಡುವುದು. ಗೋಡೆ ಅಲುಗಿದರೆ ಗಾಜು ಒಡೆಯುತ್ತದೆ. ಬಿರುಕಿನ ಅಗಲ ಮಿಲಿಮೀಟರ್‌ನಲ್ಲಿ ಬರೆದು, ಯಾಕೆ ಪ್ಲಾಸ್ಟರಿನದ್ದು ಅಂತ ಒಂದು ಸಾಲು ಕಾರಣ ಕೊಟ್ಟಿದ್ದರೆ ನಿಮ್ಮ ಇಂಜಿನಿಯರನ್ನು ನಂಬಿ. ಸುಮ್ನೆ ‘ಏನೂ ಆಗಲ್ಲ’ ಅಂದಿದ್ದರೆ ಇನ್ನೊಮ್ಮೆ ಕೇಳಿ.

ನೀರು, ಕರೆಂಟು ಅವರು ನೋಡ್ತಾರಾ, ಬೇರೆಯವರನ್ನ ಕರೆಸ್ಬೇಕಾ?

ಸಾಮಾನ್ಯ ಪರೀಕ್ಷೆ ಅವರೇ ಮಾಡಬೇಕು. ಪ್ರತಿ ಪ್ಲಗ್ಗಿಗೂ ಟೆಸ್ಟರ್ ಹಾಕಿ ಅರ್ತಿಂಗ್ ಇದೆಯಾ ನೋಡಬೇಕು. ಹಳೇ ಮನೆಗಳಲ್ಲಿ ಮೂರು ತೂತಿನ ಪ್ಲಗ್ ಇದ್ದೂ ಅರ್ತ್ ವೈರೇ ಇಲ್ಲದ್ದನ್ನು ಕಣ್ಣಾರೆ ಕಂಡಿದ್ದೇನೆ. ಗೀಸರ್ ಇರುವ ಬಚ್ಚಲಲ್ಲಿ ಇದು ಜೀವದ ಪ್ರಶ್ನೆ. ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಇದೆಯಾ, ಅದರ ಟೆಸ್ಟ್ ಬಟನ್ ಒತ್ತಿದರೆ ಬೀಳುತ್ತದಾ ಅಂತಲೂ ನೋಡಬೇಕು.

ನೀರಿನ ಮೊದಲ ಪರೀಕ್ಷೆಗೆ ಟಿಡಿಎಸ್ ಮೀಟರ್, ಅಂದರೆ ನೀರಿನಲ್ಲಿ ಕರಗಿದ ಲವಣ ಅಳೆಯುವ ಮೀಟರ್ ಸಾಕು. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಲೀಟರಿಗೆ 500 ಮಿಲಿಗ್ರಾಂವರೆಗೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 2000ದವರೆಗೆ ಮಿತಿ. ಎಷ್ಟಿದೆ ಅನ್ನುವುದಕ್ಕಿಂತ ಎಲ್ಲಿಂದ ಬರುತ್ತದೆ ಅಂತ ತಿಳಿಯುವುದು ಮುಖ್ಯ. ಕಾವೇರಿ, ಬೋರ್‌ವೆಲ್, ಟ್ಯಾಂಕರ್ ಎಷ್ಟೆಷ್ಟು ಪಾಲು? 2024ರ ಬೇಸಿಗೆ ನೆನಪಿದೆಯಲ್ವಾ? ಆ ಮಾರ್ಚ್, ಏಪ್ರಿಲ್ ತಿಂಗಳ ಟ್ಯಾಂಕರ್ ಬಿಲ್ಲನ್ನು ಅಪಾರ್ಟ್‌ಮೆಂಟ್ ಸಂಘದಿಂದ ಕೇಳಿ ನೋಡಿ. ಯಾವ ಮೀಟರೂ ಅದನ್ನು ಹೇಳುವುದಿಲ್ಲ.

## ಇನ್ನೂ ಆಳದ ಪ್ರಶ್ನೆಗಳು

30×40 ಸೈಟಲ್ಲಿ ನಾಲ್ಕು ಮಹಡಿ, ಬಾಡಿಗೆ ಚೆನ್ನಾಗಿ ಬರುತ್ತೆ. ಬರೀ ಕಣ್ಣಲ್ಲಿ ನೋಡೋ ತಪಾಸಣೆ ಸಾಕಾ?

ಸಾಕಾಗುವುದಿಲ್ಲ. ಮೊದಲು ಮಂಜೂರಾದ ನಕ್ಷೆ ಕೈಗೆ ತೆಗೆದುಕೊಳ್ಳಿ. 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಜಾಗದಲ್ಲಿ 5 ಪಾಲಿಕೆಗಳು ಬಂದಿವೆ, ಆದರೆ ಹಳೇ ನಕ್ಷೆಯ ಮೇಲೆ ಬಿಬಿಎಂಪಿ ಅಥವಾ ಬಿಡಿಎ ಮುದ್ರೆಯೇ ಇರುತ್ತದೆ. ನಕ್ಷೆಯಲ್ಲಿ ಎಷ್ಟು ಮಹಡಿ, ನಿಂತಿರುವುದು ಎಷ್ಟು? ಪಾಯ ಹಾಕಿದ್ದು ಎರಡಕ್ಕೆ, ಆಮೇಲೆ ಬಾಡಿಗೆಗೆ ಅಂತ ಎರಡು ಏರಿಸಿದ್ದಾರೆ ಅಂದರೆ ಅದು ನಕ್ಷೆ ಮೀರಿದ ತಪ್ಪು ಮಾತ್ರ ಅಲ್ಲ. ಕೆಳಗಿನ ಕಂಬ ಯಾರೂ ಲೆಕ್ಕ ಹಾಕದ ಭಾರ ಹೊತ್ತಿದೆ. 2024ರ ಅಕ್ಟೋಬರ್ 22ರಂದು ಬಾಬುಸಾಪಾಳ್ಯದಲ್ಲಿ ಕಟ್ಟುತ್ತಿದ್ದ ಕಟ್ಟಡ ಮಳೆಯಲ್ಲಿ ಕುಸಿದು ಕಾರ್ಮಿಕರು ಸತ್ತರು. ಆ ಸುದ್ದಿ ಓದಿದ ಮೇಲೆ ನಾನು ಈ ವಿಷಯದಲ್ಲಿ ಯಾರಿಗೂ ಮೆತ್ತಗೆ ಹೇಳುವುದಿಲ್ಲ.

ಇಂಥ ಮನೆಗೆ ಸ್ಟ್ರಕ್ಚರಲ್ ಇಂಜಿನಿಯರ್ ಬೇಕು. ಅವರು ಕಂಬಿ ಎಲ್ಲಿದೆ ಅಂತ ಹುಡುಕುವ ಯಂತ್ರ, ಕಾಂಕ್ರೀಟಿನೊಳಗೆ ಶಬ್ದ ಹಾಯಿಸುವ ಪರೀಕ್ಷೆ, ರಿಬೌಂಡ್ ಹ್ಯಾಮರ್ ಬಳಸುತ್ತಾರೆ. ಹ್ಯಾಮರ್ ಬಗ್ಗೆ ಒಂದು ಎಚ್ಚರಿಕೆ. ಅದು ಅಳೆಯುವುದು ಮೇಲ್ಮೈ ಎಷ್ಟು ಗಟ್ಟಿ ಅನ್ನುವುದನ್ನು. ಅದರಿಂದ ಕಾಂಕ್ರೀಟಿನ ಬಲ ಅಂದಾಜು ಮಾಡಿದರೆ ಶೇ 25ರಷ್ಟು ಹೆಚ್ಚುಕಡಿಮೆ ಆಗಬಹುದು ಅಂತ ಭಾರತೀಯ ಮಾನಕದಲ್ಲೇ ಬರೆದಿದೆ. ಹಳೇ ಕಾಂಕ್ರೀಟಿನ ಮೇಲ್ಪದರ ಗಾಳಿಗೆ ಗಟ್ಟಿಯಾಗಿ, ಇರುವುದಕ್ಕಿಂತ ಜಾಸ್ತಿ ಬಲ ತೋರಿಸುವುದೂ ಉಂಟು. ಪ್ಲಾಸ್ಟರ್ ಕೆರೆಯದೆ ಅದರ ಮೇಲೇ ಹ್ಯಾಮರ್ ಒತ್ತಿ ಅಂಕಿ ಬರೆದುಕೊಂಡವರನ್ನು ಅಲ್ಲಿಗೇ ನಿಲ್ಲಿಸಿ.

ಬಸವನಗುಡೀಲಿ ಹಳೇ ಮನೆ ಸಿಕ್ಕಿದೆ. ರೆಡ್ ಆಕ್ಸೈಡ್ ನೆಲ, ಮದ್ರಾಸ್ ತಾರಸಿ. ಅಪಾರ್ಟ್‌ಮೆಂಟ್ ನೋಡೋರು ಇದನ್ನ ನೋಡ್ತಾರಾ?

ನೋಡುತ್ತಾರೆ, ಆದರೆ ಬಹಳಷ್ಟು ಸಲ ‘ಕೆಡವಿ ಕಟ್ಟಿ’ ಅಂತ ಬರೆಯುತ್ತಾರೆ. ಪ್ಲೇಗ್ ಬಂದ 1898ರ ಆಸುಪಾಸಿನಲ್ಲಿ ರೂಪುಗೊಂಡ ಬಸವನಗುಡಿ, ಮಲ್ಲೇಶ್ವರದ ಹಳೇ ಮನೆಗಳು ಸುಣ್ಣದ ಗಾರೆಯವು. ಅಲ್ಲಿ ಕಂಬ ಬೀಮು ಇಲ್ಲ, ಗೋಡೆಯೇ ಭಾರ ಹೊರುತ್ತದೆ. ಮದ್ರಾಸ್ ತಾರಸಿ ಅಂದರೆ ಮರದ ತೊಲೆಗಳ ಮೇಲೆ ಇಟ್ಟಿಗೆ ನಿಲ್ಲಿಸಿ ಸುಣ್ಣದಲ್ಲಿ ಕೂಡಿಸಿದ್ದು. ಅದರ ಪ್ರಾಣ ಇರುವುದು ತೊಲೆಯ ತುದಿಯಲ್ಲಿ, ಗೋಡೆಯೊಳಗೆ ಕೂತ ಭಾಗದಲ್ಲಿ. ಮಳೆ ನೀರು ಇಳಿಯುವುದೂ ಗೆದ್ದಲು ಹತ್ತುವುದೂ ಅಲ್ಲೇ. ತಪಾಸಣೆಗೆ ಬಂದವರು ಏಣಿ ಹಾಕಿ ಆ ತುದಿಗಳನ್ನು ಒಂದೊಂದಾಗಿ ಬಡಿದು, ಚೂಪಾದ ಮೊಳೆಯಿಂದ ಚುಚ್ಚಿ ನೋಡಬೇಕು.

ಸುಣ್ಣದ ಗೋಡೆಗೆ ಈಚೆಗೆ ಸಿಮೆಂಟ್ ಪ್ಲಾಸ್ಟರ್, ಪ್ಲಾಸ್ಟಿಕ್ ಬಣ್ಣ ಹಚ್ಚಿದ್ದರೆ ಒಳಗಿನ ತೇವ ಆರಲು ದಾರಿ ಇಲ್ಲದೆ ಗೋಡೆ ಕೊಳೆಯುತ್ತದೆ. ಅದನ್ನು ಗೋಡೆಯ ತಪ್ಪು ಅಂತ ಬರೆಯುವವರಿದ್ದಾರೆ. ಹಳೇ ಕಟ್ಟಡ ಉಳಿಸುವ ಕೆಲಸ ಮಾಡಿದ ಆರ್ಕಿಟೆಕ್ಟ್ ಅಥವಾ ಇಂಜಿನಿಯರನ್ನೇ ಹುಡುಕಿ. ಸಿಗಲು ತಡ ಆಗುತ್ತದೆ, ಕಾಯಿರಿ. ಆ ನೆಲದ ಮೇಲೆ ಬರಿಗಾಲಲ್ಲಿ ನಡೆದವರಿಗೆ ಯಾಕೆ ಅಂತ ಗೊತ್ತು.

ಮನೆ ಕೆರೆ ಹತ್ರ ಇದೆ. ಮಳೆ ಬಂದ್ರೆ ನೀರು ನುಗ್ಗುತ್ತಾ ಅಂತ ಇವರು ಹೇಳ್ತಾರಾ?

ಕೆಲವು ಗುರುತು ಹಿಡಿಯಬಲ್ಲರು. ಬೇಸ್‌ಮೆಂಟ್ ಗೋಡೆಯಲ್ಲಿ ಒಂದೇ ಎತ್ತರಕ್ಕೆ ಹೋದ ಕಲೆ, ಆ ಎತ್ತರದವರೆಗೆ ಮಾತ್ರ ಹೊಸ ಪ್ಲಾಸ್ಟರ್, ಮೇಲಕ್ಕೆ ಏರಿಸಿ ಕೂರಿಸಿದ ಕರೆಂಟ್ ಮೀಟರ್, ಲಿಫ್ಟ್ ಗುಂಡಿಯಲ್ಲಿ ಕೆಸರು. ರಸ್ತೆ ಮನೆಗಿಂತ ಎತ್ತರ ಇದೆಯಾ ಅಂತ ಅಳೆಯುವುದೂ ಅವರ ಕೆಲಸ.

ಜಾಗದ ಹಳೇ ಕಥೆ ಅವರಿಗೆ ಗೊತ್ತಿರುವುದಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆ ಕಡೆ ಕೋಟಿಗಟ್ಟಲೆ ಬೆಲೆಯ ವಿಲ್ಲಾಗಳಿಗೆ ನೀರು ನುಗ್ಗಿತು. 2024ರ ಅಕ್ಟೋಬರ್‌ನಲ್ಲಿ ಯಲಹಂಕದ ಕೇಂದ್ರೀಯ ವಿಹಾರ ಅಪಾರ್ಟ್‌ಮೆಂಟಿನಿಂದ ಜನರನ್ನು ದೋಣಿಯಲ್ಲಿ ಕರೆತಂದರು. ರಾಜ್ಯ ಸರ್ಕಾರದ ದಿಶಾಂಕ್ ಆ್ಯಪಿನಲ್ಲಿ ನಿಂತ ಜಾಗದ ಸರ್ವೆ ನಂಬರ್ ಸಿಗುತ್ತದೆ. ಅದನ್ನು ಹಿಡಿದು ಹಳೇ ಗ್ರಾಮ ನಕ್ಷೆಯಲ್ಲಿ ಕೆರೆ, ರಾಜಕಾಲುವೆ ಎಲ್ಲಿವೆ ಅಂತ ವಕೀಲರಿಂದ ನೋಡಿಸಿ. ಆಮೇಲೆ ಬೀದಿ ಕೊನೆಯ ಇಸ್ತ್ರಿ ಅಂಗಡಿಯವರನ್ನು, ಹೂವಿನವರನ್ನು ಕೇಳಿ. ಅವರು ಮಳೆಯಲ್ಲಿ ಅಲ್ಲೇ ನಿಂತಿರುತ್ತಾರೆ.

80 ಪುಟದ ರಿಪೋರ್ಟ್ ಬಂದಿದೆ, 140 ದೋಷ ಅಂತೆ. ಮನೆ ಬಿಡ್ಬೇಕಾ?

ಹೆದರಬೇಡಿ. ಮೊದಲು ‘ನೋಡಲು ಆಗಲಿಲ್ಲ’ ಅನ್ನುವ ಭಾಗ ಓದಿ. ತಾರಸಿ ಬೀಗ ಹಾಕಿತ್ತು, ಮೇಲಿನ ಮನೆಯವರು ಊರಲ್ಲಿರಲಿಲ್ಲ ಅಂತ ಇದ್ದರೆ ಆ ಭಾಗಕ್ಕೆ ಇನ್ನೊಂದು ದಿನ ಗೊತ್ತು ಮಾಡಿ. ಅಂಥ ಭಾಗವೇ ಇಲ್ಲದಿದ್ದರೆ ಯಾಕಿಲ್ಲ ಅಂತ ಕೇಳಿ. ಎಲ್ಲವನ್ನೂ ಯಾರೂ ನೋಡಿರಲು ಸಾಧ್ಯ ಇಲ್ಲ.

ಆಮೇಲೆ ಪೆನ್ನು ಹಿಡಿದು ಮೂರು ಪಟ್ಟಿ ಮಾಡಿ. ಜೀವಕ್ಕೆ ಅಪಾಯ ಇರುವುದು, ದೊಡ್ಡ ಖರ್ಚಿನದ್ದು, ಉಳಿದದ್ದು. ನನ್ನ ಎರಡನೇ ಮನೆಯ ವರದಿಯಲ್ಲಿ 61 ಇದ್ದವು. ಮೊದಲ ಎರಡು ಪಟ್ಟಿಗೆ ಬಂದದ್ದು 5. ಉಳಿದವು ಸಡಿಲ ಹಿಡಿ, ಗೀರು ಬಿದ್ದ ಟೈಲ್ಸು. ಆ 5ಕ್ಕೆ ಒಬ್ಬ ಕಂಟ್ರಾಕ್ಟರಿಂದ ಅಂದಾಜು ಖರ್ಚು ಬರೆಸಿ, ಮಾರುವವರ ಮುಂದೆ ಅದನ್ನು ಮಾತ್ರ ಇಟ್ಟೆವು. ಅವರು ತಾರಸಿಯ ವಾಟರ್‌ಪ್ರೂಫಿಂಗ್ ಖರ್ಚನ್ನು ಬೆಲೆಯಲ್ಲಿ ಕಳೆದರು. 61ನ್ನೂ ಓದಿದ್ದರೆ ಬಾಗಿಲು ಹಾಕಿಕೊಳ್ಳುತ್ತಿದ್ದರು ಅನ್ನಿಸುತ್ತದೆ.

ಇಬ್ಬರು ಇಂಜಿನಿಯರು ಎರಡು ಥರ ಹೇಳ್ತಿದ್ದಾರೆ. ಯಾರ ಮಾತು ಕೇಳೋದು?

ಇಬ್ಬರ ವರದಿಯನ್ನೂ ಪಕ್ಕಪಕ್ಕ ಇಟ್ಟು ಎಲ್ಲಿ ಬೇರೆ ಆಗುತ್ತಾರೆ ನೋಡಿ. ಕಂಡದ್ದರಲ್ಲೇ ವ್ಯತ್ಯಾಸ ಇದೆಯಾ, ಕಂಡದ್ದರ ಅರ್ಥದಲ್ಲಿ ಇದೆಯಾ? ಒಬ್ಬರು ಬೀಮಿನ ಬಿರುಕು ನೋಡಿಯೇ ಇಲ್ಲ ಅಂದರೆ ಮಾತು ಸುಲಭ. ಇಬ್ಬರೂ ನೋಡಿ ಒಬ್ಬರು ಸರಿ, ಒಬ್ಬರು ಅಪಾಯ ಅಂದರೆ ಇಬ್ಬರಿಗೂ ಒಂದೇ ಪ್ರಶ್ನೆ ಕಳಿಸಿ: ‘ಯಾವ ಪರೀಕ್ಷೆ ಮಾಡಿಸಿದರೆ ಇದು ತೀರ್ಮಾನ ಆಗುತ್ತದೆ?’ ಪರೀಕ್ಷೆ ಹೇಳಿದವರ ಜೊತೆ ಮುಂದುವರಿಯಿರಿ, ಅದನ್ನು ಮಾಡಿಸಿ.

ಅವರು ನೋಡದೇ ಬಿಟ್ಟ ದೋಷ ಆಮೇಲೆ ಸಿಕ್ಕಿದ್ರೆ ಅವರ ಮೇಲೆ ಕೇಸ್ ಹಾಕಬಹುದಾ?

ಹಾಕಬಹುದು. ದುಡ್ಡು ಕೊಟ್ಟು ಪಡೆದ ಸೇವೆಯಲ್ಲಿ ಕೊರತೆ ಆದರೆ 2019ರ ಗ್ರಾಹಕರ ರಕ್ಷಣಾ ಕಾಯ್ದೆ ಅನ್ವಯಿಸುತ್ತದೆ. ನೀವು ಕಟ್ಟಿದ ಮೊತ್ತ 50 ಲಕ್ಷದವರೆಗಿದ್ದರೆ ದೂರು ಜಿಲ್ಲಾ ಆಯೋಗಕ್ಕೆ. ತಪಾಸಣೆ ಫೀಸು ಎಂದೂ ಅದರೊಳಗೇ. 5 ಲಕ್ಷದವರೆಗೆ ದೂರಿನ ಶುಲ್ಕ ಇಲ್ಲ. ದೂರಿಗೆ ಕಾರಣ ಹುಟ್ಟಿದ ದಿನದಿಂದ 2 ವರ್ಷದೊಳಗೆ ಕೊಡಬೇಕು.

ಗೆಲ್ಲುವುದು ಬೇರೆ ವಿಷಯ. ಬಹಳಷ್ಟು ಒಪ್ಪಂದಗಳಲ್ಲಿ ‘ನಮ್ಮ ಹೊಣೆ ಫೀಸಿನಷ್ಟು ಮಾತ್ರ’, ‘ಕಣ್ಣಿಗೆ ಕಾಣುವುದನ್ನು ಮಾತ್ರ ನೋಡಿದ್ದೇವೆ’ ಅಂತ ಸಣ್ಣಕ್ಷರದಲ್ಲಿ ಇರುತ್ತದೆ. ಗೋಡೆಯೊಳಗಿನ ಪೈಪು ಆಮೇಲೆ ಒಡೆದರೆ ಅವರನ್ನು ದೂರುವುದು ನ್ಯಾಯವೂ ಅಲ್ಲ. ಅವತ್ತೇ ಕಾಣುವ ಹಾಗಿದ್ದದ್ದನ್ನು ಬಿಟ್ಟಿದ್ದಾರೆ ಅಂತ ತೋರಿಸಲು ಆಧಾರ ಬೇಕು. ನನ್ನ ಹತ್ತಿರ ಅದು ಇರಲಿಲ್ಲ, ಸುಮ್ಮನಾದೆ.

ಅದಕ್ಕೇ ಈಗ ಯಾರಿಗೆ ಹೇಳಿದರೂ ಹೀಗೆ ಹೇಳುತ್ತೇನೆ. ಸಹಿ ಹಾಕುವ ಮುಂಚೆ ಒಪ್ಪಂದ ಪೂರ್ತಿ ಓದಿ. ಫೀಸನ್ನು ಯುಪಿಐನಲ್ಲೋ ಚೆಕ್ಕಿನಲ್ಲೋ ಕೊಟ್ಟು ಬಿಲ್ ಪಡೆಯಿರಿ. ತಪಾಸಣೆ ದಿನ ಪ್ರತಿ ಗೋಡೆಯನ್ನೂ ನಿಮ್ಮ ಫೋನಿನಲ್ಲೇ ವೀಡಿಯೋ ಮಾಡಿ. ಬೀರು ಇದ್ದರೆ ಮಾಲೀಕರನ್ನು ಕೇಳಿ, ಇಬ್ಬರು ಹಿಡಿದು ಒಂದು ಅಡಿ ಸರಿಸಿ.